ಕರುಳಿನ ಫೈಲಿನಲ್ಲಿ ಮೂಳೆಗೊಂದು ಹಾಳೆ ಬೇಕು

ಮೂಳೆ ಟೊಳ್ಳಾಗುವುದು ಅಜ್ಜಿಯಂದಿರ ಕಾಯಿಲೆ ಅಂತ ನಮ್ಮಲ್ಲಿ ಒಂದು ಗಟ್ಟಿ ನಂಬಿಕೆ ಇದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯ ಕತೆ ಹೆಚ್ಚುಕಮ್ಮಿ ಎಲ್ಲ ಕುಟುಂಬದಲ್ಲೂ ಇರುತ್ತದೆ. ಆದರೆ ಮಂಗಳೂರು, ಮಣಿಪಾಲದ ಗ್ಯಾಸ್ಟ್ರೋ ಓಪಿಡಿಗಳ ಎದುರು ಫೈಲ್ ಹಿಡಿದು ಕಾಯುವ ಇಪ್ಪತ್ತೈದು, ಮೂವತ್ತು ವರ್ಷದವರಲ್ಲೂ ಕೆಲವರ ಮೂಳೆ ಸದ್ದಿಲ್ಲದೆ ಕರಗುತ್ತಿರುತ್ತದೆ. ಅವರು ಬಂದಿರುವುದು ಹೊಟ್ಟೆನೋವು, ಭೇದಿ, ರಕ್ತ ಹೋಗುವುದು ಅಂತ. ಡಾಕ್ಟ್ರು ಕೇಳುವುದೂ ಅದನ್ನೇ. ಮೂಳೆಯ ಮಾತು ಎತ್ತಬೇಕಾದವರು ಯಾರು ಅನ್ನುವುದೇ ತೀರ್ಮಾನವಾಗಿಲ್ಲ.

ನಾನು ಹೇಳಹೊರಟಿರುವುದು ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಇರುವವರ ಬಗ್ಗೆ. ಎರಡನ್ನೂ ಸೇರಿಸಿ ಐಬಿಡಿ ಅನ್ನುತ್ತಾರೆ, ಅಂದರೆ ಕರುಳಿನ ಉರಿಯೂತದ ಕಾಯಿಲೆ. ಹುಣ್ಣು, ಊತ ಇಲ್ಲದೆ ಹೊಟ್ಟೆ ಕೆರಳುವ ಐಬಿಎಸ್ ಬೇರೆ, ಇದು ಬೇರೆ. ಇಲ್ಲಿ ಕರುಳಿನ ಗೋಡೆಯಲ್ಲೇ ಹುಣ್ಣು, ಊತ ಇರುತ್ತದೆ. ಒಂದು ಕಾಲದಲ್ಲಿ ಇದನ್ನು ಯುರೋಪ್, ಅಮೆರಿಕದವರ ಕಾಯಿಲೆ ಅಂದುಕೊಂಡಿದ್ದರು. ಜಾಗತಿಕ ರೋಗಭಾರದ ಅಂದಾಜಿನ ಪ್ರಕಾರ ಭಾರತದಲ್ಲಿ 1990ರಲ್ಲಿ ಸುಮಾರು 1.3 ಲಕ್ಷ ಇದ್ದ ಐಬಿಡಿ ರೋಗಿಗಳು 2019ರ ಹೊತ್ತಿಗೆ ಸುಮಾರು 2.7 ಲಕ್ಷ ಆಗಿದ್ದಾರೆ. ಹೆಚ್ಚಿನವರಿಗೆ ಕಾಯಿಲೆ ಶುರುವಾಗುವುದು ದುಡಿಯುವ ವಯಸ್ಸಿನಲ್ಲಿ. ಮೂಳೆ ಗಟ್ಟಿಯಾಗಿ ತುಂಬಿಕೊಳ್ಳುವುದು ಮೂವತ್ತರ ಆಸುಪಾಸಿನವರೆಗೆ. ಎರಡೂ ಒಂದೇ ಕಾಲಕ್ಕೆ ಬಂದು ಕೂರುತ್ತವೆ ಅನ್ನುವುದೇ ಇಲ್ಲಿನ ಸಂಕಟ.

ಅಪಾಯ ಎಷ್ಟು ದೊಡ್ಡದು? ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಆರು ಸಾವಿರ ಐಬಿಡಿ ರೋಗಿಗಳನ್ನು ಉಳಿದ ಜನರ ಜೊತೆ ಹೋಲಿಸಿದ ಅಧ್ಯಯನ 2000ದಲ್ಲಿ ಬಂತು. ಮೂಳೆ ಮುರಿಯುವ ಪ್ರಮಾಣ ಐಬಿಡಿ ಇದ್ದವರಲ್ಲಿ ಸುಮಾರು ಶೇ. 40ರಷ್ಟು ಜಾಸ್ತಿ ಇತ್ತು. ಇದನ್ನು ಓದಿ ಹೆದರಬೇಕಾಗಿಲ್ಲ. ಚಿಕ್ಕ ವಯಸ್ಸಿನವರಲ್ಲಿ ಮೂಳೆ ಮುರಿಯುವುದೇ ಕಡಿಮೆ, ಕಡಿಮೆಯ ಮೇಲೆ ಶೇ. 40 ಅಂದರೆ ಈಗಲೂ ಕಡಿಮೆಯೇ. ಆದರೆ ಈ ಸರಾಸರಿಯ ಒಳಗೆ ಎರಡು ಥರದ ಜನ ಇದ್ದಾರೆ. ಕಾಯಿಲೆ ಹತೋಟಿಯಲ್ಲಿದ್ದು, ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಮಾತ್ರೆ ಮುಟ್ಟದೆ ಆರಾಮಾಗಿರುವವರು ಒಂದು ಕಡೆ. ತೂಕ ಇಳಿದು, ವರ್ಷಕ್ಕೆ ಎರಡು ಮೂರು ಸಲ ಸ್ಟಿರಾಯ್ಡ್ ತಗೊಂಡು, ಕರುಳಿನ ತುಂಡು ತೆಗೆಸಿಕೊಂಡವರು ಇನ್ನೊಂದು ಕಡೆ. ಈ ಎರಡನೆಯವರನ್ನು ಮೂಳೆ ಮುರಿಯುವ ಮೊದಲೇ ಹುಡುಕಿ ತೆಗೆಯುವುದಕ್ಕೇ ಅಪಾಯದ ಅಂದಾಜು ಬೇಕಾಗಿರುವುದು.

ಕರುಳಿಗೂ ಮೂಳೆಗೂ ಎಂತ ಸಂಬಂಧ ಅಂತ ಕೇಳುವವರಿದ್ದಾರೆ. ಮೂಳೆ ದಿನವೂ ಒಂದು ಕಡೆ ಕರಗಿ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಕರಗಿಸುವ ಜೀವಕೋಶ ಬೇರೆ, ಕಟ್ಟುವ ಜೀವಕೋಶ ಬೇರೆ. ಕರುಳಿನಲ್ಲಿ ಉರಿಯೂತ ಇರುವಾಗ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಥರದ ರಾಸಾಯನಿಕಗಳು ರಕ್ತದಲ್ಲಿ ಏರುತ್ತವೆ. ಇವು ಕರಗಿಸುವ ಕೋಶಗಳನ್ನು ಎಬ್ಬಿಸಿಬಿಡುತ್ತವೆ. ಹಾಗಾಗಿ ಒಂದು ಮಾತ್ರೆ ಸ್ಟಿರಾಯ್ಡ್ ನುಂಗದವರಲ್ಲೂ ಮೂಳೆ ಇಳಿಯಬಹುದು. ಇದರ ಜೊತೆಗೆ ಸಣ್ಣಕರುಳಿನ ಕೊನೆಯ ಭಾಗ ಕೆಟ್ಟರೆ ಅಥವಾ ತೆಗೆದರೆ ಪಿತ್ತರಸದ ಲವಣಗಳು ವಾಪಸ್ ಹೀರಿಕೊಳ್ಳುವುದಿಲ್ಲ. ಪಿತ್ತರಸ ಕಡಿಮೆಯಾದರೆ ಕೊಬ್ಬು ಜೀರ್ಣವಾಗದು, ಕೊಬ್ಬಿನ ಜೊತೆ ಬರುವ ಡಿ ಮತ್ತು ಕೆ ವಿಟಮಿನ್‌ಗಳೂ ಹಾಗೇ ಹೊರಗೆ ಹೋಗುತ್ತವೆ. ಊಟ ಸೇರುವುದಿಲ್ಲ, ತೂಕ ಇಳಿಯುತ್ತದೆ, ಮಾಂಸಖಂಡ ಕರಗುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದು, ಗಂಡಸರಲ್ಲಿ ಟೆಸ್ಟೋಸ್ಟೆರೋನ್ ಇಳಿಯುವುದೂ ಇದೆ. ಒಂದೊಂದೂ ಮೂಳೆಗೆ ಪೆಟ್ಟೇ.

ಈಗ ಸ್ಟಿರಾಯ್ಡ್. ವೈಸೋಲೋನ್, ಓಮ್ನಾಕಾರ್ಟಿಲ್ (ಎರಡೂ ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್‌ನ ಕಂಪನಿ ಹೆಸರು) ಅಂದರೆ ಈ ರೋಗಿಗಳಿಗೆ ಥಟ್ಟನೆ ಗೊತ್ತಾಗುತ್ತದೆ. ಕಾಯಿಲೆ ಕೆರಳಿದಾಗ ಇವು ಜೀವ ಉಳಿಸುವ ಔಷಧಿ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ಎಷ್ಟು ಸಲ, ಎಷ್ಟು ದಿನ ಅನ್ನುವುದರಲ್ಲಿ. ಒಂದು ಲೆಕ್ಕ ಹಾಕೋಣ. ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂನಿಂದ ಶುರು ಮಾಡಿ ವಾರಕ್ಕೆ 5 ಮಿಲಿಗ್ರಾಂ ಇಳಿಸುತ್ತಾ ಬರುತ್ತಾರೆ. 40, 35, 30 ಹೀಗೆ 5ರವರೆಗೆ ಎಂಟು ವಾರ. ಪ್ರತಿ ವಾರದ ದಿನದ ಡೋಸ್‌ಗಳನ್ನು ಕೂಡಿಸಿದರೆ 180, ಅದನ್ನು ಏಳರಿಂದ ಗುಣಿಸಿದರೆ 1,260 ಮಿಲಿಗ್ರಾಂ. ಒಂದು ಕೋರ್ಸ್‌ಗೆ ಹತ್ತಿರ ಹತ್ತಿರ ಒಂದೂಕಾಲು ಗ್ರಾಂ ಆಯಿತು. ಅಮೆರಿಕದ ಸಂಧಿವಾತ ತಜ್ಞರ ಸಂಘ 2022ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಒಂದು ವರ್ಷದಲ್ಲಿ ಒಟ್ಟು 5 ಗ್ರಾಂ ದಾಟಿದರೆ, ಅಥವಾ ದಿನಕ್ಕೆ 30 ಮಿಲಿಗ್ರಾಂ ಮತ್ತು ಅದಕ್ಕಿಂತ ಜಾಸ್ತಿ ಡೋಸ್ ಒಂದು ತಿಂಗಳು ದಾಟಿದರೆ, ಅದನ್ನು ಮೂಳೆಗೆ ಬಹಳ ಅಪಾಯದ ಮಟ್ಟ ಅಂತ ಹೇಳಿದೆ. ಅಂದರೆ ವರ್ಷದಲ್ಲಿ ಇಂಥ ನಾಲ್ಕು ಕೋರ್ಸ್ ಆದವರು ಆ ಗೆರೆ ಮುಟ್ಟಿದ ಹಾಗೆ.

ನಾಲ್ಕು ಕೋರ್ಸ್ ಯಾರು ತಗೊಳ್ತಾರೆ ಅನ್ನಿಸಬಹುದು. ತಗೊಳ್ತಾರೆ. ಹಳೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಒಂದು ಸ್ಟ್ರಿಪ್ ತಂದು, ಭೇದಿ ನಿಂತ ಕೂಡಲೇ ಬಿಟ್ಟು, ಮತ್ತೆ ಶುರುವಾದಾಗ ಮತ್ತೆ ತರುವವರು ಊರೂರಲ್ಲಿ ಇದ್ದಾರೆ. ದುಬೈ, ಮಸ್ಕತ್‌ನಲ್ಲಿ ಕೆಲಸ ಮಾಡುವ ಹುಡುಗರು ರಜೆಗೆ ಬಂದಾಗ ಆರು ತಿಂಗಳಿಗೆ ಆಗುವಷ್ಟು ಕಟ್ಟಿಕೊಂಡು ಹೋಗುತ್ತಾರೆ. ಉರಿಯೂತದ ರಾಸಾಯನಿಕಗಳನ್ನೇ ತಡೆಯುವ ಬಯೋಲಾಜಿಕಲ್ ಔಷಧಿಗಳಿಗೆ ದುಡ್ಡು ಜಾಸ್ತಿ, ಸ್ಟಿರಾಯ್ಡ್ ಅಗ್ಗ. ಕೆಲಸಕ್ಕೆ ಹೋಗಲೇಬೇಕಾದವನು ನಾಳೆಯ ಮೂಳೆಗಿಂತ ಇವತ್ತಿನ ಹೊಟ್ಟೆ ನೋಡುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಆದರೆ ಇಷ್ಟು ಅವನಿಗೆ ಗೊತ್ತಿರಬೇಕು: ಸ್ಟಿರಾಯ್ಡ್‌ನಿಂದ ಮೂಳೆ ತುಂಬಾ ವೇಗವಾಗಿ ಇಳಿಯುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ನಿಲ್ಲಿಸಿದ ಮೇಲೆ ಮುರಿಯುವ ಅಪಾಯ ನಿಧಾನಕ್ಕೆ ಇಳಿಯುತ್ತದೆ ಅನ್ನುವುದೂ ಅಷ್ಟೇ ನಿಜ. ಹಾಗಂತ ಇದನ್ನು ಓದಿ ಮಾತ್ರೆಯನ್ನು ಏಕಾಏಕಿ ನಿಲ್ಲಿಸಬೇಡಿ. ಕೆಲವು ವಾರ ಸ್ಟಿರಾಯ್ಡ್ ತಗೊಂಡ ದೇಹ ತನ್ನದೇ ಸ್ಟಿರಾಯ್ಡ್ ಆದ ಕಾರ್ಟಿಸೋಲ್ ಮಾಡುವುದನ್ನು ಬಿಟ್ಟಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ನಮ್ಮ ದೇಶದ ರೋಗಿಗಳಿಗೆ ಇನ್ನೊಂದು ಸುತ್ತು ಹೆಚ್ಚಿಗೆ ಇದೆ. ಕರುಳಿನ ಟಿಬಿಯೂ ಕ್ರೋನ್ಸ್ ಕಾಯಿಲೆಯೂ ನೋಡಲು ಒಂದೇ ಥರ. ಕೊಲೊನೋಸ್ಕೋಪಿ, ಬಯಾಪ್ಸಿ ಮಾಡಿದರೂ ಎಷ್ಟೋ ಸಲ ಬೇರ್ಪಡಿಸಲು ಆಗುವುದಿಲ್ಲ. ಆಗ ಮೊದಲು ಟಿಬಿ ಔಷಧಿ ಕೊಟ್ಟು ನೋಡುತ್ತಾರೆ, ಅದು ಸರಿಯಾದ ಕ್ರಮವೇ. ಆದರೆ ಟಿಬಿ ಔಷಧಿಯಲ್ಲಿರುವ ರಿಫಾಂಪಿಸಿನ್ ದೇಹದಲ್ಲಿರುವ ವಿಟಮಿನ್ ಡಿ ಬೇಗ ಒಡೆದು ಹೋಗುವಂತೆ ಮಾಡುತ್ತದೆ. ಆ ತಿಂಗಳುಗಳಲ್ಲೆಲ್ಲ ಕರುಳಿನ ಉರಿಯೂತ ತನ್ನ ಪಾಡಿಗೆ ನಡೆದೇ ಇರುತ್ತದೆ. ಕ್ರೋನ್ಸ್ ಅಂತ ಕೊನೆಗೆ ಗೊತ್ತಾಗಿ ಸ್ಟಿರಾಯ್ಡ್ ಶುರುವಾಗುವ ಹೊತ್ತಿಗೆ ಮೂಳೆ ಆಗಲೇ ಸೋತಿರುತ್ತದೆ. ಹೊರಗಿನ ದೇಶಗಳ ಮಾರ್ಗಸೂಚಿಗಳಲ್ಲಿ ಈ ದಾರಿಗೆ ದೊಡ್ಡ ಜಾಗ ಇಲ್ಲ. ನಮ್ಮ ಡಾಕ್ಟರುಗಳು ಇದನ್ನು ತಾವಾಗಿಯೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಕರಾವಳಿಯಲ್ಲಿ ಬಿಸಿಲಿಗೆ ಬರವೇ, ವಿಟಮಿನ್ ಡಿ ಹೇಗೆ ಕಡಿಮೆಯಾಗುತ್ತದೆ ಅಂತ ಕೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಬಿಡುವುದಿಲ್ಲ. ಉಳಿದ ದಿನಗಳಲ್ಲಿ ಬಿಸಿಲು ಇದ್ದರೂ ಮೈಗೆ ಬೀಳಬೇಕಲ್ವಾ? ಐಬಿಡಿ ಇರುವವರು ಹೊರಗೆ ಹೋಗಲು ಹೆದರುತ್ತಾರೆ, ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಅನ್ನುವ ಯೋಚನೆ. ಮನೆಯ ಜಗಲಿಯಲ್ಲಿ ಇಡೀ ದಿನ ಬೀಡಿ ಕಟ್ಟುವ ಹೆಂಗಸರು, ಎಸಿ ಆಫೀಸಿನಲ್ಲಿ ಕೂರುವವರು, ಎಲ್ಲರದ್ದೂ ಒಂದೇ ಕತೆ. ಬಿಸಿಲೂರಿನವರು ಅನ್ನುವ ಧೈರ್ಯದ ಮೇಲೆ ಪರೀಕ್ಷೆ ಬಿಡುವುದು ಸರಿಯಲ್ಲ.

ಹಾಗಾದರೆ ಅಳೆಯುವುದು ಹೇಗೆ? ಮುಖ್ಯ ಪರೀಕ್ಷೆ ಡೆಕ್ಸಾ ಸ್ಕ್ಯಾನ್. ಮಂಚದ ಮೇಲೆ ಸುಮ್ನೆ ಮಲಗಬೇಕು, ಮೇಲಿನಿಂದ ಒಂದು ತೋಳು ನಿಧಾನಕ್ಕೆ ಸಾಗುತ್ತದೆ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ವಿಕಿರಣ ಎದೆಯ ಎಕ್ಸ್‌ರೇಗಿಂತಲೂ ಕಡಿಮೆ. ಸೊಂಟದ ಕೀಲಿನಲ್ಲಿ ಮತ್ತು ಬೆನ್ನಿನ ಕೆಳಭಾಗದ ನಾಲ್ಕು ಮಣಿಗಳಲ್ಲಿ ಮೂಳೆ ಎಷ್ಟು ಸಾಂದ್ರವಾಗಿದೆ ಅಂತ ಹೇಳುತ್ತದೆ. ಐಬಿಡಿ ಇರುವವರು ಒಂದು ವಿಷಯ ಜ್ಞಾಪಕ ಇಟ್ಟುಕೊಳ್ಳಬೇಕು. ಇವರಿಗೆ ಆಗಾಗ ಔಷಧಿ ಕುಡಿಸಿ ಮಾಡುವ ಸಿಟಿ, ಬೇರಿಯಂ ಪರೀಕ್ಷೆ ಇರುತ್ತದೆ. ಆ ಔಷಧಿ ಹೊಟ್ಟೆಯಲ್ಲಿ ಉಳಿದಿರುವಾಗ ಡೆಕ್ಸಾ ಮಾಡಿದರೆ ಬೆನ್ನಿನ ಲೆಕ್ಕ ತಪ್ಪುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಆ ದಿನ ನುಂಗಬಾರದು. ಒಂದೇ ದಿನ ಮಂಗಳೂರಿಗೆ ಬಂದು ಎಲ್ಲ ಟೆಸ್ಟ್ ಮುಗಿಸಿ ಹೋಗುವ ಆಸೆ ದೂರದಿಂದ ಬರುವವರಿಗೆ ಸಹಜ. ಆಗ ಡೆಕ್ಸಾ ಮೊದಲು, ಸಿಟಿ ಆಮೇಲೆ ಅಂತ ಕೇಳಿ ಇಟ್ಟುಕೊಂಡರೆ ಒಳ್ಳೆಯದು.

ರಿಪೋರ್ಟ್ ಕೈಗೆ ಬಂದಾಗ ಅದರಲ್ಲಿ ಬಣ್ಣದ ಒಂದು ಗ್ರಾಫ್ ಇರುತ್ತದೆ. ಮೇಲೆ ಹಸಿರು, ನಡುವೆ ಹಳದಿ, ಕೆಳಗೆ ಕೆಂಪು. ಪಕ್ಕದಲ್ಲಿ ಟಿ ಸ್ಕೋರ್, ಝಡ್ ಸ್ಕೋರ್ ಅಂತ ಎರಡು ಕಾಲಂ. ಟಿ ಸ್ಕೋರ್ ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವಜನರ ಮೂಳೆಯ ಜೊತೆ ಹೋಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಹಾಕಿದ್ದು ಇದಕ್ಕೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಟೊಳ್ಳು ಮೂಳೆ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಆಸ್ಟಿಯೋಪೀನಿಯಾ, ಅದರ ಹಿಂದಿನ ಹಂತ. ಆದರೆ ಈ ಗೆರೆ ಹುಟ್ಟಿದ್ದು ಮುಟ್ಟು ನಿಂತ ಹೆಂಗಸರಿಗಾಗಿ. ಐವತ್ತು ದಾಟದ ಗಂಡಸರಿಗೆ, ಮುಟ್ಟು ನಿಲ್ಲದ ಹೆಂಗಸರಿಗೆ ಝಡ್ ಸ್ಕೋರ್ ನೋಡಬೇಕು. ಅದು ನಿಮ್ಮನ್ನು ನಿಮ್ಮದೇ ವಯಸ್ಸಿನವರ ಜೊತೆ ಹೋಲಿಸುತ್ತದೆ. ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ದರೆ ವಯಸ್ಸಿಗೆ ತಕ್ಕಷ್ಟು ಮೂಳೆ ಇಲ್ಲ ಅಂತ ಅರ್ಥ. ಐಬಿಡಿ ಇರುವ ಬಹುಪಾಲು ಜನ ಝಡ್ ಸ್ಕೋರ್ ನೋಡಬೇಕಾದ ಈ ಚಿಕ್ಕ ವಯಸ್ಸಿನ ಗುಂಪಿನವರೇ. ಆದರೂ ಮೂವತ್ತು ವರ್ಷದ ಹುಡುಗಿಯ ರಿಪೋರ್ಟಿನ ಕೆಳಗೆ ಟಿ ಸ್ಕೋರ್ ನೋಡಿ ಆಸ್ಟಿಯೋಪೊರೋಸಿಸ್ ಅಂತ ಬರೆದುಬಿಡುವುದು ಉಂಟು. ಮನೆಯವರು ಹೆದರಿ ಅವಳು ಒಂದು ಬಿಂದಿಗೆ ಎತ್ತಲೂ ಬಿಡುವುದಿಲ್ಲ. ಬಾಲ್ಯದಲ್ಲೇ ಕಾಯಿಲೆ ಬಂದು ಬೆಳವಣಿಗೆ ಕುಂಠಿತವಾಗಿ ಗಿಡ್ಡಗೆ ಉಳಿದವರಲ್ಲಿ ಇನ್ನೊಂದು ಎಡವಟ್ಟು. ಮೂಳೆ ಚಿಕ್ಕದಿದ್ದರೆ ಯಂತ್ರಕ್ಕೆ ಅದು ದುರ್ಬಲ ಮೂಳೆಯ ಥರ ಕಾಣುತ್ತದೆ.

ಶಿಬಿರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಸಭಾಭವನಗಳಲ್ಲಿ ಉಚಿತ ಮೂಳೆ ತಪಾಸಣೆ ಅಂತ ಹಿಮ್ಮಡಿಯನ್ನು ಒಂದು ಚಿಕ್ಕ ಯಂತ್ರದಲ್ಲಿ ಇಟ್ಟು ನೋಡುತ್ತಾರಲ್ಲ, ಅದು ಅಲ್ಟ್ರಾಸೌಂಡ್. ಅದರಲ್ಲೂ ಟಿ ಸ್ಕೋರ್ ಅಂತಲೇ ಒಂದು ನಂಬರ್ ಬರುತ್ತದೆ. ಡೆಕ್ಸಾದ ಟಿ ಸ್ಕೋರಿಗೆ ಹಾಕಿದ ಗೆರೆ ಈ ನಂಬರಿಗೆ ಹೊಂದುವುದಿಲ್ಲ. ಇದರಲ್ಲಿ ಕೆಟ್ಟದಾಗಿ ಬಂದರೆ ಡೆಕ್ಸಾ ಮಾಡಿಸಲು ಒಂದು ನೆಪ ಸಿಕ್ಕಿತು ಅಂದುಕೊಳ್ಳಬಹುದು. ಚೆನ್ನಾಗಿ ಬಂತು ಅಂತ ಸ್ಟಿರಾಯ್ಡ್ ತಗೊಳ್ಳುವವರು ನಿಶ್ಚಿಂತೆಯಾಗಿ ಕೂರುವುದು ಮಾತ್ರ ಬೇಡವೇ ಬೇಡ.

ಸಾಂದ್ರತೆ ಒಂದೇ ನೋಡಿದರೆ ಸಾಲದು ಅಂತ ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಫ್ರ್ಯಾಕ್ಸ್ ಅನ್ನುವ ಲೆಕ್ಕಾಚಾರ ಕೊಟ್ಟರು. ವಯಸ್ಸು, ತೂಕ, ಎತ್ತರ, ಹಿಂದೆ ಮೂಳೆ ಮುರಿದಿತ್ತಾ, ಅಪ್ಪ ಅಮ್ಮನಿಗೆ ಸೊಂಟ ಮುರಿದಿತ್ತಾ, ಸಿಗರೇಟ್, ಮದ್ಯ, ಸ್ಟಿರಾಯ್ಡ್ ಇವನ್ನೆಲ್ಲ ಹಾಕಿದರೆ ಮುಂದಿನ ಹತ್ತು ವರ್ಷದಲ್ಲಿ ಮುರಿಯುವ ಸಾಧ್ಯತೆ ಶೇಕಡಾ ಎಷ್ಟು ಅಂತ ತೋರಿಸುತ್ತದೆ. ಭಾರತಕ್ಕೆ ಪ್ರತ್ಯೇಕ ಮಾದರಿಯೂ ಇದೆ. ಒಳ್ಳೆಯ ಸಾಧನ. ಆದರೆ ಐಬಿಡಿ ರೋಗಿಗೆ ಇದು ಮೂರು ಕಡೆ ಕಣ್ಣು ಮುಚ್ಚುತ್ತದೆ. ಒಂದನೆಯದು, ಅದರ ಲೆಕ್ಕ ಶುರುವಾಗುವುದೇ 40ನೇ ವಯಸ್ಸಿನಿಂದ. ಎರಡನೆಯದು, ಸ್ಟಿರಾಯ್ಡ್‌ಗೆ ಹೌದು ಅಥವಾ ಇಲ್ಲ ಅಂತ ಎರಡೇ ಉತ್ತರ. 5 ಮಿಲಿಗ್ರಾಂ ತಗೊಂಡವರೂ 40 ತಗೊಂಡವರೂ ಅಲ್ಲಿ ಒಂದೇ. ದಿನಕ್ಕೆ 7.5 ಮಿಲಿಗ್ರಾಂಗಿಂತ ಜಾಸ್ತಿ ಡೋಸ್ ಇದ್ದರೆ ಬಂದ ಉತ್ತರಕ್ಕೆ ಶೇ. 15ರಷ್ಟು, ಸೊಂಟದ ಲೆಕ್ಕಕ್ಕೆ ಶೇ. 20ರಷ್ಟು ಸೇರಿಸಿ ಓದಬೇಕು. ಮೂರನೆಯದು, ಐಬಿಡಿ ಅನ್ನುವ ಪ್ರಶ್ನೆಯೇ ಅಲ್ಲಿಲ್ಲ. ಆಹಾರ ಹೀರಿಕೊಳ್ಳದ ತೊಂದರೆ ಅಂತ ಬೇರೆ ಕಾರಣಗಳ ಕಟ್ಟಿನಲ್ಲಿ ಅದನ್ನು ಸೇರಿಸಬೇಕು. ಡೆಕ್ಸಾ ನಂಬರ್ ಹಾಕಿದ ಕೂಡಲೇ ಆ ಕಟ್ಟಿಗೆ ತೂಕವೇ ಇರುವುದಿಲ್ಲ. ಡೋಸ್, ಬಿದ್ದ ಲೆಕ್ಕ ಎಲ್ಲ ಸೇರಿಸುವ ಫ್ರ್ಯಾಕ್ಸ್ ಪ್ಲಸ್ ಬಂದಿದೆ ಅನ್ನುವುದು ಸಮಾಧಾನ. ಆದರೂ ನನ್ನ ಅಭಿಪ್ರಾಯದಲ್ಲಿ ನಲವತ್ತು ದಾಟದ ರೋಗಿಯ ಎದುರು ಯಾವ ಕ್ಯಾಲ್ಕುಲೇಟರಿಗಿಂತಲೂ ಹಳೆಯ ಚೀಟಿಗಳ ಕಟ್ಟು ಹೆಚ್ಚು ನಿಜ ಹೇಳುತ್ತದೆ.

ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವುದು ಬೆನ್ನುಮೂಳೆಯ ಬಿರುಕು. ಕೈ ಮುರಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಬೆನ್ನಿನ ಮಣಿ ಕುಸಿದದ್ದು ಎಷ್ಟೋ ಸಲ ಯಾರಿಗೂ ಗೊತ್ತಾಗುವುದಿಲ್ಲ. ಬೆನ್ನು ಹಿಡಿದುಕೊಂಡಿದೆ ಅಂತ ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ ಸುಮ್ಮನಾಗುತ್ತಾರೆ. ಮೂಳೆ ಸಾಂದ್ರತೆ ಕಡಿಮೆ ಇದ್ದ ಕ್ರೋನ್ಸ್ ರೋಗಿಗಳ ಬೆನ್ನಿನ ಎಕ್ಸ್‌ರೇ ನೋಡಿದ ಜರ್ಮನಿಯ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಹೆಚ್ಚುಕಮ್ಮಿ ಐವರಲ್ಲಿ ಒಬ್ಬರಿಗೆ ಮಣಿ ಕುಸಿದಿತ್ತು, ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಒಂದು ಮಣಿ ಕುಸಿದಿದೆ ಅಂದರೆ ಇನ್ನೊಂದು ಕುಸಿಯುವ ಸಾಧ್ಯತೆ ತುಂಬಾ ಜಾಸ್ತಿ, ಟಿ ಸ್ಕೋರ್ ಎಷ್ಟೇ ಇರಲಿ. ಹಾಗಾಗಿ ಇದು ಗೊತ್ತಾದರೆ ಚಿಕಿತ್ಸೆಯ ತೀರ್ಮಾನವೇ ಬದಲಾಗುತ್ತದೆ.

ಇದನ್ನು ಹುಡುಕಲು ದೊಡ್ಡ ಖರ್ಚೂ ಬೇಡ. ಐಬಿಡಿ ರೋಗಿಗಳ ಹೊಟ್ಟೆಯ ಸಿಟಿ ಆಗಲೇ ಫೈಲಿನಲ್ಲಿ ಇರುತ್ತದೆ. ಅದೇ ಚಿತ್ರದಲ್ಲಿ ಬೆನ್ನುಮೂಳೆಯೂ ಬಿದ್ದಿರುತ್ತದೆ. ಪಕ್ಕದ ನೋಟದಲ್ಲಿ ಆ ಮಣಿಗಳನ್ನು ಒಮ್ಮೆ ನೋಡಿ ಒಂದು ಸಾಲು ಬರೆಯಿರಿ ಅಂತ ರೇಡಿಯಾಲಜಿಯವರನ್ನು ಕೇಳಿದರೆ ಸಾಕು. ಕೇಳದಿದ್ದರೆ ಅವರು ಕರುಳಿನ ಬಗ್ಗೆ ಮಾತ್ರ ಬರೆಯುತ್ತಾರೆ, ಕೇಳಿದ್ದು ಅದೇ ತಾನೆ. ಕೆಲವು ಡೆಕ್ಸಾ ಯಂತ್ರಗಳಲ್ಲೇ ಬೆನ್ನಿನ ಪಕ್ಕದ ಚಿತ್ರ ತೆಗೆಯುವ ಸೌಕರ್ಯವೂ ಇದೆ. ಇನ್ನೂ ಸುಲಭದ್ದು ಅಂದರೆ ಎತ್ತರ. ಪ್ರತಿ ಸಲ ತೂಕ ನೋಡುವಾಗ ಗೋಡೆಗೆ ನಿಲ್ಲಿಸಿ ಎತ್ತರವನ್ನೂ ಬರೆದಿಡಬೇಕು. ಎರಡು ಸೆಂಟಿಮೀಟರ್ ಇಳಿದಿದ್ದರೆ ಎಕ್ಸ್‌ರೇ ಮಾಡಿಸಬೇಕು. ತೂಕದ ಯಂತ್ರ ಎಲ್ಲ ಕಡೆ ಇದೆ, ಎತ್ತರದ ಪಟ್ಟಿಯನ್ನು ದೊಡ್ಡವರಿಗೆ ಬಳಸುವವರು ಕಡಿಮೆ.

ರಕ್ತಪರೀಕ್ಷೆಗೆ ಬರೋಣ. ವಿಟಮಿನ್ ಡಿ, ಕ್ಯಾಲ್ಸಿಯಂ, ರಂಜಕ (ಫಾಸ್ಫರಸ್), ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ಬೇಕಿದ್ದರೆ ಪ್ಯಾರಾಥೈರಾಯ್ಡ್ ಹಾರ್ಮೋನ್, ಥೈರಾಯ್ಡ್. ಇದರಲ್ಲಿ ರಂಜಕವನ್ನು ಬಿಟ್ಟುಬಿಡುವುದು ಜಾಸ್ತಿ, ಐಬಿಡಿಯಲ್ಲಿ ಬಿಡಬಾರದ್ದು ಅದೇ. ಕಾರಣ ಹೇಳುತ್ತೇನೆ. ರಕ್ತ ಹೋಗಿ ಹೋಗಿ ಈ ರೋಗಿಗಳಿಗೆ ಕಬ್ಬಿಣದ ಅಂಶ ಇಳಿಯುತ್ತದೆ, ಮಾತ್ರೆ ಹೊಟ್ಟೆಗೆ ಆಗುವುದಿಲ್ಲ ಅಂತ ಡ್ರಿಪ್ ಹಾಕುತ್ತಾರೆ. ಈಗ ಜಾಸ್ತಿ ಬಳಸುವ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಕೆಲವರಲ್ಲಿ ಎಫ್‌ಜಿಎಫ್-23 ಅನ್ನುವ ಹಾರ್ಮೋನನ್ನು ಏರಿಸುತ್ತದೆ. ಆಗ ಮೂತ್ರದಲ್ಲಿ ರಂಜಕ ಸೋರಿಹೋಗುತ್ತದೆ. ಒಂದೆರಡು ಸಲ ಆದರೆ ತಾನಾಗಿಯೇ ಸರಿಹೋಗಬಹುದು. ಮತ್ತೆ ಮತ್ತೆ ಹಾಕಿಸಿಕೊಂಡವರಲ್ಲಿ ಮೂಳೆ ಮೆತ್ತಗಾಗಿ, ಪೆಟ್ಟಿಲ್ಲದೆಯೇ ಬಿರುಕು ಬಿಟ್ಟ ಪ್ರಕರಣಗಳು ವರದಿಯಾಗಿವೆ. ಡ್ರಿಪ್ ಆದ ಮೇಲೆ ಸುಸ್ತು ಹೋಗುವ ಬದಲು ಹೆಚ್ಚಾಯಿತು, ತೊಡೆ ಭಾರ, ಮೆಟ್ಟಿಲು ಹತ್ತಲು ಆಗ್ತಾ ಇಲ್ಲ ಅಂದರೆ ರಂಜಕ ನೋಡಿಸಿ.

ಮೆತ್ತಗಿನ ಮೂಳೆ, ಟೊಳ್ಳು ಮೂಳೆ ಎರಡೂ ಡೆಕ್ಸಾದಲ್ಲಿ ಒಂದೇ ಥರ ಕಾಣುತ್ತವೆ. ಚಿಕಿತ್ಸೆ ಮಾತ್ರ ಬೇರೆ. ಮೆತ್ತಗಿರುವುದಕ್ಕೆ ಆಸ್ಟಿಯೋಮಲೇಶಿಯಾ ಅನ್ನುತ್ತಾರೆ. ಅದಕ್ಕೆ ವಿಟಮಿನ್ ಡಿ, ಕ್ಯಾಲ್ಸಿಯಂ, ರಂಜಕ ಸರಿ ಮಾಡಬೇಕು. ಅದನ್ನು ನೋಡದೆ ಟೊಳ್ಳು ಮೂಳೆಗೆ ಕೊಡುವ ಝೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಕೊಟ್ಟುಬಿಟ್ಟರೆ ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕೈಕಾಲು ಸೆಡೆತ, ತುಟಿಯ ಸುತ್ತ ಜುಮುಜುಮು ಅಂತ ಮತ್ತೆ ಆಸ್ಪತ್ರೆ. ಕೆಲವು ನೂರು ರೂಪಾಯಿಯ ಪರೀಕ್ಷೆ ಬಿಟ್ಟು ಈ ಪಾಡು ಯಾಕೆ?

ಯಾರಿಗೆ ಯಾವಾಗ ಅನ್ನುವುದರಲ್ಲಿ ಮಾರ್ಗಸೂಚಿಗಳು ತೀರಾ ದೂರ ದೂರ ಇಲ್ಲ. ಅಮೆರಿಕದ ಗ್ಯಾಸ್ಟ್ರೋ ತಜ್ಞರು 2003ರಲ್ಲೇ ಹೇಳಿದ್ದರು: ಮೂರು ತಿಂಗಳಿಗಿಂತ ಜಾಸ್ತಿ ಸ್ಟಿರಾಯ್ಡ್ ಆದವರು, ಚಿಕ್ಕ ಪೆಟ್ಟಿಗೆ ಮೂಳೆ ಮುರಿದವರು, ಮುಟ್ಟು ನಿಂತ ಹೆಂಗಸರು, ಐವತ್ತು ದಾಟಿದ ಗಂಡಸರು, ಹಾರ್ಮೋನ್ ಕಡಿಮೆ ಇರುವವರು ಡೆಕ್ಸಾ ಮಾಡಿಸಬೇಕು. ಅಲ್ಲಿನದೇ 2017ರ ಗ್ಯಾಸ್ಟ್ರೋ ಮಾರ್ಗಸೂಚಿ ಅಪಾಯದ ಅಂಶ ಇರುವವರಿಗೆ ಕಾಯಿಲೆ ಗೊತ್ತಾದಾಗಲೇ ಮಾಡಿ, ಆಮೇಲೆ ಆಗಾಗ ಮಾಡುತ್ತಿರಿ ಅಂದಿತು. ಮೇಲೆ ಹೇಳಿದ ಸಂಧಿವಾತ ತಜ್ಞರ 2022ರದ್ದು ಇನ್ನೂ ಕಟ್ಟುನಿಟ್ಟು. ದಿನಕ್ಕೆ 2.5 ಮಿಲಿಗ್ರಾಂ ಆದರೂ ಮೂರು ತಿಂಗಳು ದಾಟಿದರೆ, ಶುರುವಾದ ಆರು ತಿಂಗಳ ಒಳಗೆ ಮೂಳೆಯ ಅಪಾಯ ಅಳೆಯಲೇಬೇಕು. ನಮ್ಮ ಕಡೆಗೆ ನಾನು ಇದಕ್ಕೆ ಎರಡು ಸೇರಿಸುತ್ತೇನೆ. ಟಿಬಿ ಔಷಧಿಯ ದಾರಿಯಲ್ಲಿ ಬಂದ ಕ್ರೋನ್ಸ್ ರೋಗಿಗಳು, ಮತ್ತು ತೂಕ ತೀರಾ ಇಳಿದು ಕರುಳಿನ ಆಪರೇಷನ್ ಆದವರು. ಇವರು ಮೂರು ತಿಂಗಳ ಗೆರೆಗೆ ಕಾಯಬಾರದು.

ಚಿಕಿತ್ಸೆಯಲ್ಲಿ ಮೊದಲನೆಯದು ಕರುಳಿನ ಉರಿಯೂತವನ್ನು ಸ್ಟಿರಾಯ್ಡ್ ಇಲ್ಲದೆ ಹತೋಟಿಗೆ ತರುವುದು. ಅಜಥಯೋಪ್ರಿನ್ ಆಗಲಿ, ಇನ್‌ಫ್ಲಿಕ್ಸಿಮ್ಯಾಬ್ ಥರದ ಬಯೋಲಾಜಿಕಲ್ ಆಗಲಿ. ಇನ್‌ಫ್ಲಿಕ್ಸಿಮ್ಯಾಬ್ ತಗೊಂಡವರಲ್ಲಿ ಮೂಳೆ ಸಾಂದ್ರತೆಯೂ ಸುಧಾರಿಸಿದ್ದು ಕಂಡಿದೆ. ಶುರು ಮಾಡಿ ಮೂರು ತಿಂಗಳಾದರೂ ಪ್ರೆಡ್ನಿಸೊಲೋನ್ 10 ಮಿಲಿಗ್ರಾಂಗಿಂತ ಕೆಳಗಿಳಿಸಲು ಆಗದಿದ್ದರೆ, ಅಥವಾ ನಿಲ್ಲಿಸಿ ಮೂರು ತಿಂಗಳೊಳಗೆ ಕಾಯಿಲೆ ಮರುಕಳಿಸಿದರೆ, ಆ ರೋಗಿ ಸ್ಟಿರಾಯ್ಡ್‌ಗೆ ಅಂಟಿಕೊಂಡ ಹಾಗೆ. ಔಷಧಿ ಬದಲಿಸುವ ಮಾತು ಆಗಲೇ ಆಗಬೇಕು. ಮೂಳೆಯ ಔಷಧಿಗಳಲ್ಲಿ ವಾರಕ್ಕೊಮ್ಮೆಯ ಅಲೆಂಡ್ರೋನೇಟ್ ಅಗ್ಗ, ಆದರೆ ಅನ್ನನಾಳಕ್ಕೆ ಉರಿ ಕೊಡುತ್ತದೆ. ಕರುಳು ಹೀರಿಕೊಳ್ಳದವರಿಗೆ ವರ್ಷಕ್ಕೊಮ್ಮೆಯ ಝೋಲೆಡ್ರೋನಿಕ್ ಆಸಿಡ್ ಡ್ರಿಪ್ ಹೊಂದುತ್ತದೆ. ಮಕ್ಕಳಾಗಬೇಕೆಂದಿರುವ ಹೆಂಗಸರಿಗೆ ಇವನ್ನು ಕೊಡುವ ಮೊದಲು ಎರಡು ಸಲ ಯೋಚಿಸಬೇಕು. ಮೂಳೆ ಕರಗುವುದನ್ನು ತಡೆಯುವ ಡೆನೋಸುಮ್ಯಾಬ್ ಇಂಜೆಕ್ಷನ್ ಶುರು ಮಾಡಿದವರು ಡೋಸ್ ತಪ್ಪಿಸಿ ಮನೆಯಲ್ಲಿ ಕೂರಬಾರದು, ನಿಲ್ಲಿಸಿದ ಮೇಲೆ ಬೆನ್ನಿನ ಮಣಿಗಳು ಸಾಲಾಗಿ ಕುಸಿದದ್ದು ಇದೆ.

ಊಟದ ವಿಷಯದಲ್ಲಿ ನನಗೆ ಬೇಸರ ಆಗುವುದು ಹಾಲಿನ ನಿಷೇಧ ಕಂಡಾಗ. ಹೊಟ್ಟೆ ಕೆಟ್ಟಾಗ ಯಾರೋ ಹಾಲು ಬಿಡು ಅಂದಿರುತ್ತಾರೆ, ಹತ್ತು ವರ್ಷ ಆದರೂ ಅದು ಮುಗಿಯುವುದಿಲ್ಲ. ಹಾಲು ಆಗದವರಿಗೆ ಮೊಸರು, ಮಜ್ಜಿಗೆ ಎಷ್ಟೋ ಸಲ ಆಗುತ್ತದೆ. ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ ದಿನವೂ ಇದೆ, ಅದರಲ್ಲಿ ಕ್ಯಾಲ್ಸಿಯಂ ಅಷ್ಟಕ್ಕಷ್ಟೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕರುಳು ಕಿರಿದಾಗಿರುವ ಕ್ರೋನ್ಸ್ ರೋಗಿಗೆ ನಾರು ಕಷ್ಟ ಅನ್ನುವುದಾದರೆ ರಾಗಿ ನೆನೆಸಿ, ರುಬ್ಬಿ, ಸೋಸಿದ ಹಾಲಿನಲ್ಲಿ ಮಣ್ಣಿ ಮಾಡುವುದು ಇಲ್ಲಿನ ಹೆಂಗಸರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಸೋಸಿದಾಗ ಒಂದಷ್ಟು ಕ್ಯಾಲ್ಸಿಯಂ ಹೋಗುತ್ತದೆ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಮೀನು ತಿನ್ನುವವರಿಗೆ ಬೂತಾಯಿ ಇದೆ. ಅದರ ಎಣ್ಣೆಯಲ್ಲಿ ವಿಟಮಿನ್ ಡಿ, ಮೆತ್ತಗೆ ಬೆಂದ ಸಣ್ಣ ಮುಳ್ಳಿನಲ್ಲಿ ಕ್ಯಾಲ್ಸಿಯಂ. ಊಟ, ಮಾತ್ರೆ ಎಲ್ಲ ಸೇರಿ ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ ಆದರೆ ಸಾಕು. 60,000 ಯೂನಿಟ್‌ನ ವಿಟಮಿನ್ ಡಿ ಸ್ಯಾಶೆಯನ್ನು ಅಳತೆ ಇಲ್ಲದೆ ತಿಂಗಳುಗಟ್ಟಲೆ ನುಂಗುವುದೂ ತಪ್ಪೇ, ಅದು ಜಾಸ್ತಿಯಾದರೆ ವಿಷ.

ಇನ್ನು ಬೀಳುವುದು. ಅಪಾಯದ ಲೆಕ್ಕದಲ್ಲಿ ಕರಾವಳಿಯ ಐಬಿಡಿ ರೋಗಿಗೆ ಇದು ದೊಡ್ಡ ಅಂಶ ಅಂತ ನನಗೆ ಅನ್ನಿಸುತ್ತದೆ. ಕಾಯಿಲೆ ಕೆರಳಿದಾಗ ರಾತ್ರಿ ಮೂರು ನಾಲ್ಕು ಸಲ ಎದ್ದು ಓಡಬೇಕು. ತಡೆದುಕೊಳ್ಳಲು ಆಗುವುದಿಲ್ಲ, ಲೈಟ್ ಹಾಕಲೂ ಪುರುಸೊತ್ತಿಲ್ಲ. ಹಳೇ ಮನೆಗಳಲ್ಲಿ ಶೌಚಾಲಯ ಅಂಗಳದ ಆಚೆ ಇರುತ್ತದೆ. ಮಳೆಗಾಲದಲ್ಲಿ ಮುರಕಲ್ಲಿನ ಮೆಟ್ಟಿಲ ಮೇಲೆ ಪಾಚಿ, ಒಳಗೆ ರೆಡ್ ಆಕ್ಸೈಡ್ ನೆಲದ ಮೇಲೆ ನೀರು. ಹಿಮೋಗ್ಲೋಬಿನ್ ಕಡಿಮೆ ಇದ್ದು ತಲೆ ತಿರುಗುತ್ತಿರುತ್ತದೆ, ಸ್ಟಿರಾಯ್ಡ್‌ನಿಂದ ತೊಡೆಯ ಶಕ್ತಿ ಕುಂದಿರುತ್ತದೆ. ಮಂಚದಿಂದ ಶೌಚಾಲಯದವರೆಗೆ ಒಂದು ಸಣ್ಣ ಎಲ್‌ಇಡಿ ಬಲ್ಬ್, ಗೋಡೆಗೆ ಒಂದು ಹಿಡಿಕೆ, ವಾರಕ್ಕೊಮ್ಮೆ ಮೆಟ್ಟಿಲಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದು. ಇದನ್ನು ಬರೆದುಕೊಡುವ ಚೀಟಿ ನಾನು ಎಲ್ಲೂ ಕಂಡಿಲ್ಲ. ಕೈ ಊರದೆ ಕುರ್ಚಿಯಿಂದ ಏಳಲು ಆಗುತ್ತದಾ ಅಂತ ಓಪಿಡಿಯಲ್ಲೇ ಒಮ್ಮೆ ನೋಡಿದರೆ ಕಾಲಿನ ಬಲ ಗೊತ್ತಾಗುತ್ತದೆ.

ಇಷ್ಟನ್ನೂ ಯಾರು ಮಾಡಬೇಕು? ಗ್ಯಾಸ್ಟ್ರೋದವರು ಮೂಳೆಗೆ ಆರ್ಥೋ ಅನ್ನುತ್ತಾರೆ, ಆರ್ಥೋದವರ ಬಳಿಗೆ ಮುರಿದ ಮೇಲೆಯೇ ಹೋಗುವುದು, ಹಾರ್ಮೋನ್ ತಜ್ಞರಾದ ಎಂಡೋಕ್ರಿನಾಲಜಿಸ್ಟ್ ಎಲ್ಲ ಕಡೆ ಇಲ್ಲ. ವೆನ್ಲಾಕ್‌ನಂಥ ಜಿಲ್ಲಾಸ್ಪತ್ರೆಗೆ ಕಾಸರಗೋಡಿನಿಂದ, ಘಟ್ಟದ ಮೇಲಿಂದ ಬರುವವರಿಗೆ ಮೂರು ಓಪಿಡಿ ಸುತ್ತಲು ದಿನವೂ ಸಾಲದು, ಬಸ್ಸಿನ ದುಡ್ಡೂ ಸಾಲದು. ನನ್ನ ಮಟ್ಟಿಗೆ ಸ್ಟಿರಾಯ್ಡ್ ಬರೆದವರೇ ಮೂಳೆಯ ಹೊಣೆಯನ್ನೂ ಹೊರಬೇಕು. ಡಿಸ್ಚಾರ್ಜ್ ಸಮರಿಯಲ್ಲಿ ಐದು ಸಾಲು ಸೇರಿದರೆ ಸಾಕು: ಈ ವರ್ಷ ಒಟ್ಟು ಎಷ್ಟು ಮಿಲಿಗ್ರಾಂ ಸ್ಟಿರಾಯ್ಡ್ ಆಯಿತು, ಇವತ್ತಿನ ಎತ್ತರ, ವಿಟಮಿನ್ ಡಿ ಮತ್ತು ರಂಜಕ, ಸಿಟಿಯಲ್ಲಿ ಬೆನ್ನಿನ ಮಣಿ ಹೇಗಿದೆ, ಮುಂದಿನ ಡೆಕ್ಸಾ ಯಾವಾಗ. ಆ ಡೆಕ್ಸಾವನ್ನು ಆದಷ್ಟು ಅದೇ ಯಂತ್ರದಲ್ಲಿ ಮಾಡಿಸಬೇಕು. ಒಂದು ಕಂಪನಿಯ ಯಂತ್ರದ ನಂಬರನ್ನು ಇನ್ನೊಂದರ ಜೊತೆ ಹೋಲಿಸಿದರೆ ಮೂಳೆ ಏರಿತೋ ಇಳಿಯಿತೋ ಗೊತ್ತಾಗುವುದಿಲ್ಲ. ಸ್ಟಿರಾಯ್ಡ್ ನಡೆಯುತ್ತಿದ್ದರೆ ಒಂದು ವರ್ಷಕ್ಕೆ, ನಿಂತಿದ್ದರೆ ಎರಡು ಮೂರು ವರ್ಷಕ್ಕೆ ಮತ್ತೆ ಮಾಡಿಸಿದರೆ ಆದೀತು.